ಯೇಟ್ಸ್ ಕೊಂಡ ಗೋಪುರ

ಕವಿ ಡಬ್ಲ್ಯು. ಬಿ. ಯೇಟ್ಸ್ 1917ರಲ್ಲಿ ಒಂದು ಮನೆ ಕೊಂಡ. ಬೆಲೆ 35 ಪೌಂಡು. ಐರ್ಲೆಂಡಿನ ಪಶ್ಚಿಮದಲ್ಲಿ, ಗಾಲ್ವೇ ಸೀಮೆಯ ಗಾರ್ಟ್ ಎಂಬ ಸಣ್ಣ ಪೇಟೆಯಿಂದ ಕೆಲವೇ ಮೈಲಿ ಆಚೆ, ಹೊಳೆಯ ದಡಕ್ಕೆ ಅಂಟಿಕೊಂಡು ನಿಂತ ಪಾಳುಗೋಪುರ ಅದು. ನಾಲ್ಕು ಅಂತಸ್ತು, ಅಂತಸ್ತಿಗೊಂದೇ ಕೋಣೆ. ಒತ್ತಿಗೆ ಒಂದು ಸಣ್ಣ ಮನೆ, ಎದುರಿಗೆ ಒಂದು ಹಳೆಯ ಸೇತುವೆ. ಕೊಂಡವನಿಗೆ ವಯಸ್ಸು ಐವತ್ತು ದಾಟಿತ್ತು, ಇನ್ನೂ ಮದುವೆಯಾಗಿರಲಿಲ್ಲ. ನಮ್ಮಲ್ಲಿ ಆತನನ್ನು ಟಾಗೋರರ 'ಗೀತಾಂಜಲಿ'ಯ ಇಂಗ್ಲಿಷ್ ಅವತರಣಿಕೆಗೆ 1912ರಲ್ಲಿ ಮುನ್ನುಡಿ ಬರೆದವನೆಂದು ಮೊದಲು ಬಲ್ಲವರೇ ಹೆಚ್ಚು. ಆ ಮುನ್ನುಡಿಯ ಯೇಟ್ಸ್ ಬೇರೆ, ಗೋಪುರಕ್ಕೆ ಬಂದು ಸೇರಿದ ಯೇಟ್ಸ್ ಬೇರೆ ಎನ್ನುವಷ್ಟು ಆತನ ಕಾವ್ಯ ಮುಂದಿನ ಹತ್ತು ವರ್ಷಗಳಲ್ಲಿ ಬದಲಾಯಿತು. 1928ರಲ್ಲಿ ಬಂದ ಸಂಕಲನದ ಹೆಸರು 'ದಿ ಟವರ್'. 1933ರದ್ದು 'ದಿ ವೈಂಡಿಂಗ್ ಸ್ಟೇರ್', ಅಂದರೆ ಅದೇ ಗೋಪುರದ ಸುರುಳಿ ಮೆಟ್ಟಿಲು.

ನಾನು ಎಂ.ಎ. ಓದುವಾಗ ಈ ಗೋಪುರ ನಮಗೆ ಬಂದದ್ದು 'ಸಂಕೇತ'ವಾಗಿ. ಗೋಪುರ ಎಂದರೆ ಏಕಾಂತ ಚಿಂತನೆ, ಮೆಟ್ಟಿಲು ಎಂದರೆ ಚರಿತ್ರೆಯ ಆವರ್ತ, ಇಷ್ಟು ಬರೆದರೆ ಅಂಕ ಬರುತ್ತಿತ್ತು. ತಪ್ಪೇನಲ್ಲ; ಯೇಟ್ಸನೇ ತನ್ನ ಕವಿತೆಗಳಲ್ಲಿ ಹಾಗೆಂದು ಘೋಷಿಸಿಕೊಂಡಿದ್ದಾನೆ. ಮಿಲ್ಟನ್ನನ ಚಿಂತಕ, ಶೆಲ್ಲಿಯ ರಾಜಕುಮಾರ, ಸ್ಯಾಮ್ಯುಯೆಲ್ ಪಾಮರ್ ಕೆತ್ತಿದ ಒಂಟಿಗೋಪುರದ ಚಿತ್ರ ಎಲ್ಲ ಆತನ ತಲೆಯಲ್ಲಿದ್ದವು. ಆದರೆ ಸಂಕೇತಕ್ಕೆ ಸೋರುವ ಮಾಡು ಇರುವುದಿಲ್ಲ, ಮಳೆಗಾಲದಲ್ಲಿ ನೆಲದ ಕೋಣೆಗೆ ಹೊಳೆ ನುಗ್ಗುವುದಿಲ್ಲ. ಈ ಗೋಪುರಕ್ಕೆ ಅವೆಲ್ಲ ಇದ್ದವು. ನಾನು ಅದನ್ನು ಕಣ್ಣಾರೆ ಕಂಡವನಲ್ಲ. ಚಿತ್ರ, ಕವಿತೆ, ಚರಿತ್ರೆಯ ಪುಸ್ತಕಗಳ ಮೂಲಕವೇ ಅದರ ಮೆಟ್ಟಿಲು ಹತ್ತಿಳಿದವನು. ಹಾಗೆ ಹತ್ತಿಳಿಯುವಾಗ ನನ್ನನ್ನು ಹಿಡಿದು ನಿಲ್ಲಿಸುವ ಪ್ರಶ್ನೆ ಒಂದೇ: ಇದು ಯಾರ ಮನೆ?

ಮೊದಲು ಕಟ್ಟಡದ ಜಾತಿ ಯಾವುದೆಂದು ನೋಡಬೇಕು. ಐರ್ಲೆಂಡಿನಲ್ಲಿ ಹದಿನಾಲ್ಕನೆಯ ಶತಮಾನದ ಕೊನೆಯಿಂದ ಹದಿನೇಳರ ಮೊದಲ ಭಾಗದವರೆಗೆ ಇಂಥ ಗೋಪುರಮನೆಗಳು ಸಾವಿರಾರು ಸಂಖ್ಯೆಯಲ್ಲಿ ಎದ್ದವು. ರಾಜರ ಕೋಟೆಯಲ್ಲ, ಬಡವರ ಗುಡಿಸಿಲೂ ಅಲ್ಲ. ನಾಲ್ಕಾರು ಹಳ್ಳಿಗಳ ಒಡೆಯ ಹೆಂಡತಿ ಮಕ್ಕಳು ಆಳುಕಾಳುಗಳೊಂದಿಗೆ ಬದುಕುತ್ತಿದ್ದ ಮನೆ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಾವಲಿಗೆಂದು ಕಟ್ಟಿದ ಹುಡೇವು ಇರುತ್ತದೆ, ದೇಸಾಯರು ವಾಸಿಸುವ ವಾಡೆ ಇರುತ್ತದೆ. ಎರಡನ್ನೂ ಒಂದರೊಳಗೊಂದು ತುರುಕಿ, ಅಡ್ಡಕ್ಕೆ ಹರಡಬೇಕಾದ ವಾಡೆಯನ್ನು ನೆಟ್ಟಗೆ ನಿಲ್ಲಿಸಿದರೆ ಹೇಗಿರುತ್ತದೋ ಹಾಗೆ. ಪಡಸಾಲೆಯ ಮೇಲೆ ಮಲಗುವ ಕೋಣೆ, ಅದರ ಮೇಲೆ ಮತ್ತೊಂದು ಕೋಣೆ.

ಇದರ ಹಿಂದೆ ಒಂದು ಸರಕಾರಿ ಸಹಾಯಧನದ ಕತೆಯೂ ಇದೆ. 1429ರಲ್ಲಿ ಇಂಗ್ಲೆಂಡಿನ ಆರನೇ ಹೆನ್ರಿಯ ಆಡಳಿತ ಒಂದು ಕಟ್ಟಳೆ ಮಾಡಿತು: ಡಬ್ಲಿನ್, ಮೀತ್, ಕಿಲ್ಡೇರ್, ಲೌತ್ ಸೀಮೆಗಳಲ್ಲಿ ಯಾವ ನಿಷ್ಠಾವಂತ ಪ್ರಜೆ ಹತ್ತು ವರ್ಷದೊಳಗೆ 20 ಅಡಿ ಉದ್ದ, 16 ಅಡಿ ಅಗಲ, 40 ಅಡಿ ಎತ್ತರದ ಗೋಪುರ ಕಟ್ಟುತ್ತಾನೋ ಅವನಿಗೆ 10 ಪೌಂಡು. ಡಬ್ಲಿನ್ನಿನ ಸುತ್ತಲಿನ ಇಂಗ್ಲಿಷ್ ವಶದ ನೆಲ ಕಿರಿದಾಗುತ್ತ ಬಂದಿತ್ತು. ಸೈನ್ಯ ಇಡಲು ಹಣವಿಲ್ಲದ ಸರಕಾರ, ಪ್ರಜೆಗಳೇ ಮನೆಗಳನ್ನು ಕೋಟೆ ಮಾಡಿಕೊಳ್ಳಲಿ ಎಂದಿತು. ಗಾಲ್ವೇಗೆ ಈ ಕಟ್ಟಳೆ ತಾಕುವುದಿಲ್ಲ. ಆದರೆ ಅಂಥ ಗೋಪುರಗಳು ಅಲ್ಲಿಯೂ ಸಾಲುಸಾಲಾಗಿ ಎದ್ದವು. ಯಾರ ದುಡ್ಡೂ ಬೇಕಿರಲಿಲ್ಲ, ಭಯ ಸಾಕಿತ್ತು. ನೆರೆಯವನ ಭಯ, ದನ ಹೊಡೆದುಕೊಂಡು ಹೋಗುವವರ ಭಯ, ಸ್ವಂತ ದಾಯಾದಿಯ ಭಯ.

ಆ ಭಯ ಕಲ್ಲಿನಲ್ಲಿ ಹೇಗೆ ಕಾಣುತ್ತದೆ ಎಂಬುದೇ ಇವುಗಳ ವಾಸ್ತು. ಗೋಡೆಯ ಬುಡ ಹೊರಕ್ಕೆ ಇಳಿಜಾರಾಗಿರುತ್ತದೆ. ಕೆಳಗಿನ ಅಂತಸ್ತಿಗೆ ಕಿಟಕಿ ಎಂಬುದಿಲ್ಲ, ಸಂದಿಯಂಥ ಕಿಂಡಿ ಮಾತ್ರ. ಮೇಲೆ ಮೇಲೆ ಹೋದಂತೆ ಕಿಂಡಿ ಅಗಲವಾಗಿ, ಒಡೆಯ ಕೂರುವ ಅಂತಸ್ತಿಗೆ ಬಂದಾಗ ಕಿಟಕಿಯಾಗುತ್ತದೆ. ಬೆಳಕು ಬೇಕಾದವನು ಹತ್ತಬೇಕು. ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ಒಂದು ಇಕ್ಕಟ್ಟಾದ ಮೊಗಸಾಲೆ. ಅದರ ಚಾವಣಿಯಲ್ಲಿ ಒಂದು ತೂತು. ಬಂದವನು ನೆಂಟನೋ ವೈರಿಯೋ ಎಂದು ಮೇಲಿನಿಂದ ಇಣುಕಿ ತೀರ್ಮಾನಿಸುತ್ತಿದ್ದರು. ವೈರಿಯಾದರೆ ಆ ತೂತಿನಿಂದ ಕಲ್ಲೋ ಇನ್ನೇನೋ ತಲೆಯ ಮೇಲೆ ಬೀಳುತ್ತಿತ್ತು. ತುದಿಯಲ್ಲಿ ಕೋಟೆಯ ತೆನೆ, ಕಾವಲುಗಾರ ಓಡಾಡುವ ಓಣಿ.

ಮೆಟ್ಟಿಲು ಸಾಮಾನ್ಯವಾಗಿ ಸುರುಳಿ. ಕೋಣೆಯ ಜಾಗ ತಿನ್ನದಂತೆ ಗೋಡೆಯ ದಪ್ಪದೊಳಗೇ ಕೊರೆದಂತೆ ಅದನ್ನು ಕಟ್ಟುತ್ತಿದ್ದರು. ಗೋಡೆ ಆರೇಳು ಅಡಿ ದಪ್ಪವಿದ್ದಾಗ ಇದು ಸಾಧ್ಯ. ಮೆಟ್ಟಿಲು ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುವುದು ಮೇಲಿಂದ ಕಾದುವವನ ಬಲಗೈ ಕತ್ತಿಗೆ ಅನುಕೂಲವಾಗಲೆಂದು, ಎಂದು ಎಲ್ಲ ಕೋಟೆಗಳಲ್ಲೂ ಗೈಡುಗಳು ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಈಚಿನ ಕೋಟೆ ಚರಿತ್ರಕಾರರು ಇದನ್ನು ಅಷ್ಟಾಗಿ ನಂಬುವುದಿಲ್ಲ. ಮೆಟ್ಟಿಲ ಮೇಲೆ ಕತ್ತಿ ಹಿಡಿದು ಕಾದಾಡುವ ಹೊತ್ತಿಗೆ ಮನೆ ಹೋದಂತೆಯೇ ಅಲ್ಲವೆ?

ಈ ಗೋಪುರಮನೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದ ವಿವರ ಯುದ್ಧಕ್ಕೆ ಸಂಬಂಧಿಸಿದ್ದಲ್ಲ. ಕಮಾನು ಚಾವಣಿ ಕಟ್ಟುವಾಗ ಕಲ್ಲು ಗಾರೆ ಗಟ್ಟಿಯಾಗುವವರೆಗೆ ಕೆಳಗಿನಿಂದ ಆಸರೆ ಬೇಕು. ಐರಿಷ್ ಕೆಲಸಗಾರರು ಅದಕ್ಕೆ ಹಲಗೆಯ ಬದಲು ಗಿಡದ ಬರಲುಗಳನ್ನು ಬುಟ್ಟಿಯಂತೆ ಹೆಣೆದ ತಟ್ಟಿ ಬಳಸುತ್ತಿದ್ದರು. ಆಮೇಲೆ ತಟ್ಟಿ ಕಳಚುತ್ತಿದ್ದರು, ಅಥವಾ ಅದು ತಾನಾಗಿ ಕೊಳೆತು ಉದುರುತ್ತಿತ್ತು. ಹೆಣಿಗೆಯ ಅಚ್ಚು ಮಾತ್ರ ಗಾರೆಯ ಮೇಲೆ ಉಳಿಯಿತು. ಐನೂರು ವರ್ಷ ಕಳೆದರೂ ಎಷ್ಟೋ ಗೋಪುರಗಳಲ್ಲಿ ತಲೆ ಎತ್ತಿ ನೋಡಿದರೆ ಒಂದೊಂದು ಬರಲೂ ಎಣಿಸುವ ಹಾಗೆ ಕಾಣುತ್ತದೆ. ಒಡೆಯನ ಹೆಸರು ಕಾಗದಪತ್ರಗಳಲ್ಲಿ ಉಳಿದರೆ, ಬುಟ್ಟಿ ಹೆಣೆದವನ ಕೈ ಚಾವಣಿಯಲ್ಲಿ ಉಳಿದಿದೆ.

ಬ್ಯಾಲಿಲೀ ಗೋಪುರದ ಒಡೆಯರು ಡಿ ಬರ್ಗೋ ವಂಶದವರು. ಹನ್ನೆರಡನೆಯ ಶತಮಾನದ ಕೊನೆಯ ಹೊತ್ತಿಗೆ ಐರ್ಲೆಂಡಿಗೆ ಬಂದ ನಾರ್ಮನ್ ಮನೆತನ ಅದು; ಹದಿಮೂರನೆಯದರಲ್ಲಿ ಪಶ್ಚಿಮದ ಕಾನಾಕ್ಟ್ ಸೀಮೆಯನ್ನು ಗೆದ್ದುಕೊಂಡಿತು. ಹಾಗಾಗಿ ಇದನ್ನು 'ನಾರ್ಮನ್ ಗೋಪುರ' ಎನ್ನುವ ವಾಡಿಕೆ, ಯೇಟ್ಸನಿಗೂ ಆ ಮಾತು ಇಷ್ಟ. ಇಲ್ಲಿ ನಾನು ಸ್ವಲ್ಪ ತಡೆಯುತ್ತೇನೆ. 1333ರಲ್ಲಿ ಆ ವಂಶದ ಅರ್ಲ್ ಕೊಲೆಯಾದ. ಉಳಿದ ಶಾಖೆಗಳು ಇಂಗ್ಲಿಷ್ ದೊರೆತನದಿಂದ ಸರಿದು, ಐರಿಷ್ ನಾಡದೊರೆಗಳ ರೀತಿನೀತಿ ಹಿಡಿದವು. ಗಾಲ್ವೇ ಕಡೆಯ ಶಾಖೆ ತನ್ನನ್ನು ಕರೆದುಕೊಂಡದ್ದೇ 'ಮೇಲಣ ಮ್ಯಾಕ್ ವಿಲಿಯಂ' ಎಂದು, ಅಪ್ಪಟ ಐರಿಷ್ ಶೈಲಿಯಲ್ಲಿ. ಡಿ ಬರ್ಗೋ ಎಂಬುದು ನಾಲಗೆಯ ಮೇಲೆ ಸವೆದು ಬರ್ಕ್ ಆಯಿತು. ಇಂಥ ಬೆರಕೆಗೆ ಹೆದರಿಯೇ 1366ರಲ್ಲಿ ಕಿಲ್ಕೆನ್ನಿಯಲ್ಲಿ ಶಾಸನ ಮಾಡಿ, ಇಂಗ್ಲಿಷ್ ಮೂಲದವರು ಐರಿಷ್ ಮಾತಾಡಕೂಡದು, ಐರಿಷರೊಂದಿಗೆ ಮದುವೆಯ ನಂಟು ಮಾಡಕೂಡದು ಎಂದದ್ದು. ಶಾಸನ ಕಾಗದದಲ್ಲಿ ಉಳಿಯಿತು. ಈ ಗೋಪುರ ಏಳುವ ಕಾಲಕ್ಕೆ ಬರ್ಕ್‌ಗಳ ಮನೆಮಾತು ಐರಿಷ್. ಎಂಟನೇ ಹೆನ್ರಿ 1543ರಲ್ಲಿ ಆ ವಂಶದ ಮುಖ್ಯಸ್ಥನಿಂದ ನೆಲ ಒಪ್ಪಿಸಿಕೊಂಡು, ಅವನನ್ನೇ ಕ್ಲಾನ್ರಿಕಾರ್ಡ್‌ನ ಅರ್ಲ್ ಎಂದು ಮಾಡಿ ಅದೇ ನೆಲವನ್ನು ಹಿಂತಿರುಗಿಸಬೇಕಾಯಿತು. ಗೆದ್ದು ಬಂದವರು ಊರಿನವರಾಗಿಬಿಟ್ಟಿದ್ದರು. ಅವರ ಪಕ್ಕದಲ್ಲಿ ಹಳೆಯ ಗೇಲಿಕ್ ದೊರೆಗಳೂ ಇಂಥವೇ ಗೋಪುರ ಕಟ್ಟಿಕೊಂಡಿದ್ದರು. ಗೋಪುರ ನೋಡಿ ಒಡೆಯನ ಕುಲ ಹೇಳುವುದು ಕಷ್ಟ.

ಹದಿನೇಳನೆಯ ಶತಮಾನದಲ್ಲಿ ಫಿರಂಗಿಗಳು ಬಂದವು, ಕ್ರಾಮ್‌ವೆಲ್ ಬಂದ, ಜಮೀನು ಕೈಬದಲಾಯಿತು. ಹಣವಿದ್ದವರು ದೊಡ್ಡ ಕಿಟಕಿಯ ಬಂಗಲೆ ಕಟ್ಟಿಕೊಂಡು ಹೋದರು. ಬ್ಯಾಲಿಲೀ ಮುಂದೆ ಕೂಲ್ ಎಂಬಲ್ಲಿ ನೆಲೆಸಿದ ಗ್ರೆಗರಿ ಮನೆತನದ ಜಮೀನಿಗೆ ಸೇರಿತು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಭೂಸುಧಾರಣೆಯ ಸರಕಾರಿ ಮಂಡಳಿ ಆ ಜಮೀನನ್ನು ಒಕ್ಕಲುಗಳಿಗೆ ಹಂಚಲು ಕೊಂಡಾಗ, ಉಳುವವನಿಗೆ ಕೆಲಸಕ್ಕೆ ಬಾರದ ಗೋಪುರ ಮಾತ್ರ ಉಳಿಯಿತು. ಯೇಟ್ಸನಿಗೆ ಅದು ಅಷ್ಟು ಅಗ್ಗವಾಗಿ ಸಿಕ್ಕಿದ್ದು ಹೀಗೆ. ಜಮೀನ್ದಾರಿ ಮುರಿದು ಬೀಳುತ್ತಿದ್ದ ಕಾಲದಲ್ಲಿ, ಅದರ ಅತ್ಯಂತ ಹಳೆಯ ಗುರುತನ್ನು ಒಬ್ಬ ಕವಿ ತನ್ನದಾಗಿಸಿಕೊಂಡ ಎಂಬುದನ್ನು ಮರೆಯಬಾರದು.

ಆದರೆ ಆತನನ್ನು ಮೊದಲು ಅಲ್ಲಿಗೆ ಎಳೆದದ್ದು ಬರ್ಕ್‌ಗಳೂ ಅಲ್ಲ, ಗೋಪುರವೂ ಅಲ್ಲ. ಅದು ಬಡವರ ಮನೆಯ ಹುಡುಗಿಯೊಬ್ಬಳ ನೆನಪು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮೇರಿ ಹೈನ್ಸ್ ಎಂಬ ಚೆಲುವೆ ಬ್ಯಾಲಿಲೀಯಲ್ಲಿದ್ದಳು. ರಾಫ್ಟರಿ ಎಂಬ ಕುರುಡ ಹಾಡುಗಾರ, ಎಳವೆಯಲ್ಲಿ ಸಿಡುಬಿನಿಂದ ಕಣ್ಣು ಕಳೆದುಕೊಂಡು ಪಿಟೀಲು ಹಿಡಿದು ಊರೂರು ಅಲೆಯುತ್ತಿದ್ದವನು, ಅವಳ ಮೇಲೆ ಐರಿಷ್ ಭಾಷೆಯಲ್ಲಿ ಹಾಡು ಕಟ್ಟಿದ. ಆ ಹಾಡು ಕೇಳಿದ ಗಂಡಸರು ಕುಡಿದ ಅಮಲಿನಲ್ಲಿ ಬೆಳದಿಂಗಳನ್ನು ಬೆಳಗೆಂದುಕೊಂಡು ಅವಳನ್ನು ನೋಡಲು ಹೊರಟರಂತೆ. ಒಬ್ಬ ದಾರಿಯಲ್ಲಿ ಕ್ಲೂನ್ ಜೌಗಿನಲ್ಲಿ ಮುಳುಗಿ ಸತ್ತನಂತೆ. ಯೇಟ್ಸ್ ಲೇಡಿ ಗ್ರೆಗರಿಯ ನೆರವಿನಿಂದ ಊರಿನ ಮುದುಕ ಮುದುಕಿಯರಿಂದ ಇದನ್ನೆಲ್ಲ ಕೇಳಿ 1899ರಲ್ಲಿ ಒಂದು ಪ್ರಬಂಧ ಬರೆದ. ಹೆಲೆನಳನ್ನು ಹಾಡಿದ ಹೋಮರನೂ ಕುರುಡ, ಮೇರಿಯನ್ನು ಹಾಡಿದವನೂ ಕುರುಡ ಎಂಬ ಸಾಮ್ಯ ಆತನನ್ನು ಬಹಳ ಕಾಲ ಕಾಡಿತು. ಸುಮಾರು ಕಾಲು ಶತಮಾನದ ಮೇಲೆ 'ದಿ ಟವರ್' ಕವಿತೆಯಲ್ಲಿ ಆ ಹಾಡು, ಆ ಜೌಗು, ಆ ಸಾವು ಎಲ್ಲ ಮತ್ತೆ ಬರುತ್ತವೆ. ಯೇಟ್ಸನಿಗೆ ಐರಿಷ್ ಬರುತ್ತಿರಲಿಲ್ಲ. ಹಾಡು ಆತನಿಗೆ ದಕ್ಕಿದ್ದು ಅನುವಾದದಲ್ಲಿ. ಆದರೂ ಗೋಪುರಕ್ಕೆ 'ಕ್ಯಾಸಲ್' ಎಂಬ ಇಂಗ್ಲಿಷ್ ಹೆಸರು ಬೇಡವೆಂದು ಗೋಪುರ ಎಂಬುದರ ಐರಿಷ್ ಪದವನ್ನೇ ಇಟ್ಟು 'ಥೂರ್ ಬ್ಯಾಲಿಲೀ' ಎಂದು ಕರೆದ. ಜಂಬದ ಹೆಸರು ಬೇಡವೆಂಬುದು ಒಂದು ಕಾರಣ. ಊರಿನ ನಾಲಗೆಗೆ ಹತ್ತಿರವಾಗುವ ಆಸೆ ಮತ್ತೊಂದು ಎಂದು ನನಗನ್ನಿಸುತ್ತದೆ.

1917ರ ಅಕ್ಟೋಬರಿನಲ್ಲಿ ಜಾರ್ಜ್ ಹೈಡ್-ಲೀಸ್ ಜೊತೆ ಮದುವೆಯಾಯಿತು. ರಿಪೇರಿ ಶುರುವಾಯಿತು. ಮೊದಲ ಮಹಾಯುದ್ಧದ ಕಾಲ, ಸಾಮಾನು ಸಿಗುವುದು ದುಸ್ತರ. ವಿಲಿಯಂ ಎ. ಸ್ಕಾಟ್ ಎಂಬ ವಾಸ್ತುಶಿಲ್ಪಿ ನಕ್ಷೆ ಬರೆದ. ತೊಲೆ ಹಲಗೆಗಳಿಗೆ ಒಂದು ಹಳೆಯ ಗಿರಣಿಯ ಮರ ಬಂತು, ಕಬ್ಬಿಣದ ಕೆಲಸ ಗಾರ್ಟಿನ ಕುಲುಮೆಯಲ್ಲಿ ನಡೆಯಿತು, ಮಾಡಿಗೆಂದು ಕಡಲಹಸಿರು ಬಣ್ಣದ ಸ್ಲೇಟು ಹಂಚು ಗೊತ್ತಾಯಿತು. ಈ ಸಾಮಾನುಗಳ ಪಟ್ಟಿಯನ್ನೇ ಯೇಟ್ಸ್ ಹೆಂಡತಿಯ ಹೆಸರಿನೊಂದಿಗೆ ಆರು ಸಾಲಿನ ಶಾಸನ ಕವಿತೆ ಮಾಡಿದ. ಅದು ಈಗ ಗೋಪುರದ ಗೋಡೆಯ ಕಲ್ಲಿನಲ್ಲಿದೆ. ತಮಾಷೆಯೆಂದರೆ, ಶಾಸನದಲ್ಲಿ ಸ್ಲೇಟು ಉಂಟು, ಗೋಪುರದ ನೆತ್ತಿಯ ಮೇಲಿಲ್ಲ. ಯೋಜಿಸಿದ್ದ ಇಳಿಜಾರು ಮಾಡು ಕೊನೆಗೂ ಏರಲೇ ಇಲ್ಲ. ಮಟ್ಟಸವಾದ ಕಾಂಕ್ರೀಟೇ ಗತಿಯಾಯಿತು. ತುದಿಯ ಕೋಣೆಯೂ ಪೂರ್ತಿಯಾಗಲಿಲ್ಲ. ನೆಲದಂತಸ್ತು ಊಟದ ಮನೆ, ಮೊದಲ ಅಂತಸ್ತು ಓದುವ ಬರೆಯುವ ಕೋಣೆ, ಅದರ ಮೇಲೆ ಮಲಗುವ ಕೋಣೆ; ತುದಿಯದು ಬರಿದೇ ಉಳಿಯಿತು. 1927ರ ಜುಲೈಯಲ್ಲಿ ಹೊಸ ಐರಿಷ್ ಸರಕಾರದ ಮಂತ್ರಿ ಕೆವಿನ್ ಓ'ಹಿಗಿನ್ಸ್ ಕೊಲೆಯಾದಾಗ ಯೇಟ್ಸ್ ಬರೆದ 'ಬ್ಲಡ್ ಅಂಡ್ ದ ಮೂನ್' ಕವಿತೆಯಲ್ಲಿ, ಈ ಕಾಲದ ರಾಷ್ಟ್ರಗಳೆಲ್ಲ ತುದಿಯಲ್ಲಿ ಅರೆಸತ್ತ ಗೋಪುರಗಳೇ ಎಂದು ಕೇಳುತ್ತಾನೆ. ಮಹಾ ರೂಪಕ. ಅದರ ಮೂಲದಲ್ಲಿರುವುದು ಮುಗಿಯದ ರಿಪೇರಿ.

1919ರಿಂದ ಹತ್ತು ವರ್ಷ, ಹೆಚ್ಚಾಗಿ ಬೇಸಿಗೆಗಳಲ್ಲಿ, ಆ ಸಂಸಾರ ಅಲ್ಲಿ ಬಂದು ಇರುತ್ತಿತ್ತು. ಆ ವರ್ಷಗಳು ಐರ್ಲೆಂಡಿನ ಅತ್ಯಂತ ರಕ್ತಸಿಕ್ತ ವರ್ಷಗಳೂ ಹೌದು. 1920ರ ನವೆಂಬರಿನಲ್ಲಿ, ಬ್ರಿಟಿಷ್ ಪರ ಸಹಾಯಕ ಪಡೆಯವರು ಲಾರಿಯಲ್ಲಿ ಹೋಗುತ್ತ ಹಾರಿಸಿದ ಗುಂಡಿಗೆ ಹತ್ತಿರದ ಕಿಲ್ಟಾರ್ಟನ್ನಿನಲ್ಲಿ ಎಲೆನ್ ಕ್ವಿನ್ ಎಂಬ ತಾಯಿ ತನ್ನ ಮನೆಯ ಮುಂದೆಯೇ ಸತ್ತಳು. 1922ರಲ್ಲಿ ಬ್ರಿಟಿಷರು ಹೋಗುತ್ತಿದ್ದಂತೆ ಐರಿಷರೇ ಎರಡಾಗಿ ಅಂತರ್ಯುದ್ಧ ಹತ್ತಿಕೊಂಡಿತು. ಭಯದಿಂದ ಹುಟ್ಟಿದ ಮನೆಗೆ ಮತ್ತೆ ಭಯ ಬಂತು.

ಆ ಬೇಸಿಗೆಯಲ್ಲಿ ಬರೆದ ಏಳು ಭಾಗಗಳ 'ಮೆಡಿಟೇಶನ್ಸ್ ಇನ್ ಟೈಮ್ ಆಫ್ ಸಿವಿಲ್ ವಾರ್' ನನಗೆ ಗೋಪುರದ ನಿಜವಾದ ಕಾವ್ಯ. ಅದರಲ್ಲಿ ಎರಡು ಬಗೆಯ ದನಿಗಳಿವೆ. ಮನೆಯನ್ನು ಕುರಿತ ಭಾಗದಲ್ಲಿ ಯೇಟ್ಸ್, ಹಿಂದೆ ಇಲ್ಲಿ ಕುದುರೆ ಸವಾರರನ್ನಿಟ್ಟುಕೊಂಡು ಬಾಳಿದ ಯೋಧನೊಬ್ಬನನ್ನು ಕಲ್ಪಿಸಿಕೊಂಡು, ಆತ ಮೊದಲ ಸ್ಥಾಪಕ, ತಾನು ಎರಡನೆಯವ ಎನ್ನುತ್ತಾನೆ. 35 ಪೌಂಡು ಕೊಟ್ಟವನು ಬರ್ಕ್‌ಗಳ ವಾರಸುದಾರನಾಗಿ ನಿಲ್ಲುವ ಈ ಭಂಗಿ ನನಗೆ ರುಚಿಸುವುದಿಲ್ಲ. ನಡುವೆ ಹೋದ ನಾನೂರು ವರ್ಷ, ಒಕ್ಕಲುಗಳು, 1840ರ ದಶಕದ ಕ್ಷಾಮ, ಯಾವುದೂ ಅಲ್ಲಿಲ್ಲ. ಆದರೆ ಕೆಲವೇ ಪುಟ ದಾಟಿದರೆ ಬಾಗಿಲ ಬಳಿಯ ರಸ್ತೆಯ ಭಾಗ ಬರುತ್ತದೆ. ಒಂದು ಪಕ್ಷದ ದಡೂತಿ ಹೋರಾಟಗಾರ ಬಂದು, ಗುಂಡೇಟಿನಿಂದ ಸಾಯುವುದೇ ಲೋಕದ ದೊಡ್ಡ ಆಟವೆಂಬಂತೆ ನಗೆಯಾಡಿ ಹೋಗುತ್ತಾನೆ. ಆಮೇಲೆ ಇನ್ನೊಂದು ಪಕ್ಷದ, ಹೊಸ ಸರಕಾರದ ಸೈನ್ಯದ ಲೆಫ್ಟಿನೆಂಟ್ ಬರುತ್ತಾನೆ. ಅವನ ಎದುರು ಕವಿ ಮಳೆ ಗಾಳಿಯ ಮಾತಾಡುತ್ತಾನೆ, ಬಿರುಗಾಳಿಗೆ ಮುರಿದ ಪೇರ್ ಮರದ ಮಾತಾಡುತ್ತಾನೆ. ಅವರು ಹೋದ ಮೇಲೆ ಹೊಳೆಯಲ್ಲಿ ತಾಯಿ ನೀರುಕೋಳಿಯ ಹಿಂದೆ ತೇಲುವ ಮರಿಗಳನ್ನು ಎಣಿಸುತ್ತ, ಒಳಗಿನ ಅಸೂಯೆ ಅದುಮಿಕೊಂಡು ಕೋಣೆಗೆ ಹಿಂತಿರುಗುತ್ತಾನೆ. ಸ್ಥಾಪಕನ ಠೀವಿ ಇಳಿದು, ಬಾಗಿಲಲ್ಲಿ ನಿಂತ ನಡುವಯಸ್ಸಿನ ಗೃಹಸ್ಥನೊಬ್ಬ ಉಳಿಯುತ್ತಾನೆ. ಶತ್ರುವೋ ಮಿತ್ರನೋ ಎಂದು ಮೇಲಿನಿಂದ ಇಣುಕಲು ಆತನಿಗೆ ತೂತಿಲ್ಲ. ಬಂದವರಿಬ್ಬರೂ ಊರಿನ ಹುಡುಗರೇ.

1922ರ ಆಗಸ್ಟ್ 19ರ ರಾತ್ರಿ ಗಣರಾಜ್ಯವಾದಿ ಹೋರಾಟಗಾರರು ಬಂದು, ಮನೆಯವರಿಗೆ ಹೊರಗೆ ಬರಬೇಡಿ ಎಂದು ಮೊದಲೇ ಎಚ್ಚರಿಸಿ, ಗೋಪುರದ ಎದುರಿನ ಸೇತುವೆಯನ್ನು ಸಿಡಿಸಿದರು. ಒಳಗೆ ಗಂಡ ಹೆಂಡತಿ, ಮೂರು ವರ್ಷದ ಮಗಳು, ಒಂದು ವರ್ಷದ ಮಗ. ಕೆಲಸ ಮುಗಿಸಿದವರು ಮನೆಯವರಿಗೆ ಮರ್ಯಾದೆಯಿಂದಲೇ ವಿದಾಯ ಹೇಳಿ ಹೋದರೆಂದು ಯೇಟ್ಸ್ ನೆನೆದಿದ್ದಾನೆ.

ಆ ಕವಿತಾಮಾಲೆಯ ಆರನೆಯ ಭಾಗ ಇನ್ನೂ ಚಿಕ್ಕದನ್ನು ಹಿಡಿಯುತ್ತದೆ. ಮಲಗುವ ಕೋಣೆಯ ಕಿಟಕಿಯ ಬಳಿ ಕಲ್ಲಿನ ಸಂದಿ ಸಡಿಲವಾಗಿ, ಅಲ್ಲಿ ನಮ್ಮ ಕಬ್ಬಕ್ಕಿಯ ಜಾತಿಯ ಹಕ್ಕಿಯೊಂದು ಗೂಡು ಕಟ್ಟಿತ್ತು. ಗೂಡು ಬರಿದಾಗಿದೆ, ಸುತ್ತ ಏನಾಗುತ್ತಿದೆಯೆಂದು ತಿಳಿಯದು, ಎಲ್ಲೋ ಮನೆ ಸುಡುತ್ತಿದೆ, ಯಾರೋ ಸತ್ತಿದ್ದಾರೆ. ಕವಿ ಆ ಸಂದಿಗೆ ಬಂದು ಮನೆ ಮಾಡಿಕೊಳ್ಳಿರೆಂದು ಜೇನುನೊಣಗಳನ್ನು ಕರೆಯುತ್ತಾನೆ. ಹಕ್ಕಿಯ ಹೆಸರಿಗೆ ಪುಸ್ತಕದ ಇಂಗ್ಲಿಷ್ ಬಿಟ್ಟು ಪಶ್ಚಿಮ ಐರ್ಲೆಂಡಿನ ಆಡುಮಾತಿನ 'ಸ್ಟೇರ್' ಎಂಬುದನ್ನೇ ಬಳಸಿದ. ಬಾಣ ಬಿಡಲು, ವೈರಿಯನ್ನು ತಡೆಯಲು ಕಟ್ಟಿದ ಗೋಡೆ ಅದು. ಅದರಲ್ಲಿ ಸಡಿಲವಾದ ಭಾಗವೊಂದಕ್ಕೆ ಸಂತೋಷಪಟ್ಟು, ಅಲ್ಲಿ ಜೀವ ಸೇರಲಿ ಎಂದು ಬೇಡುವುದು ಬರ್ಕ್‌ಗಳ ಕಾಲದಲ್ಲಾದರೆ ಹುಚ್ಚು ಎನಿಸುತ್ತಿತ್ತು. ಇಲ್ಲಿ ಯೇಟ್ಸ್ ಯಾವ ವಂಶದ ವಾರಸುದಾರನೂ ಅಲ್ಲ, ಹಾಗಾಗಿಯೇ ಮನೆ ಆತನದಾಗುತ್ತದೆ. ವಿದ್ಯಾರ್ಥಿಗಳು ಗೋಪುರದ ಕವಿತೆ ಒಂದನ್ನೇ ಓದುವುದಾದರೆ ಇದನ್ನು ಓದಲಿ ಎನ್ನುತ್ತೇನೆ.

1922ರ ಡಿಸೆಂಬರಿನಲ್ಲಿ ಆತ ಸೆನೆಟರ್ ಆದ, ಮರುವರ್ಷ ನೊಬೆಲ್ ಬಂತು. 'ದಿ ಟವರ್' ಪುಸ್ತಕದ ರಕ್ಷಾಪುಟಕ್ಕೆ ಟಿ. ಸ್ಟರ್ಜ್ ಮೂರ್ ಗೋಪುರವನ್ನೂ ನೀರಿನಲ್ಲಿ ಅದರ ಬಿಂಬವನ್ನೂ ಚಿನ್ನದ ಬಣ್ಣದಲ್ಲಿ ಬರೆದುಕೊಟ್ಟ. ಆದರೆ ಆ ಹೊತ್ತಿಗೆ ಯೇಟ್ಸನ ಆರೋಗ್ಯ ಕೆಟ್ಟಿತ್ತು. ತೇವದ ಕಲ್ಲುಕೋಣೆ ಹಿಡಿಸುವಂತಿರಲಿಲ್ಲ. 1929ರ ನಂತರ ಸಂಸಾರ ಅಲ್ಲಿಗೆ ಬಂದು ಉಳಿಯಲಿಲ್ಲ. 1932ರಲ್ಲಿ ಲೇಡಿ ಗ್ರೆಗರಿ ತೀರಿಕೊಂಡಳು. ದೊಡ್ಡ ಕಿಟಕಿಗಳ ಆಕೆಯ ಕೂಲ್ ಬಂಗಲೆಯನ್ನು 1941ರಲ್ಲಿ ಕೆಡವಿ ಕಲ್ಲು ಮಾರಿದರು; ಈಗ ಅಲ್ಲಿ ಬುಡದ ಗುರುತು ಮಾತ್ರ. ಅದಕ್ಕಿಂತ ಮೂರು ಶತಮಾನ ಹಳೆಯದಾದ ಗೋಪುರ, ಕೆಡವಿದರೆ ಲಾಭವಿಲ್ಲದ್ದರಿಂದಲೋ ಏನೋ, ನಿಂತಿತು. ಸ್ಥಳೀಯರ ಕಿಲ್ಟಾರ್ಟನ್ ಸೊಸೈಟಿಯ ಪ್ರಯತ್ನದಿಂದ ದುರಸ್ತಿಯಾಗಿ, ಯೇಟ್ಸನ ಜನ್ಮಶತಮಾನೋತ್ಸವದ 1965ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು.

ಆ ಹೊಳೆ ವಿಚಿತ್ರವಾದದ್ದು. ಸುಣ್ಣಕಲ್ಲಿನ ನೆಲವಾದ್ದರಿಂದ ಗೋಪುರ ದಾಟಿ ಸ್ವಲ್ಪ ದೂರ ಹೋಗಿ ಭೂಮಿಯೊಳಕ್ಕೆ ಇಳಿದು ಮಾಯವಾಗುತ್ತದೆ, ಮತ್ತೆ ಕೂಲ್ ಕಡೆ ಮೇಲೇಳುತ್ತದೆ. ಯೇಟ್ಸ್ ಆ ಇಳಿಯುವ ಜಾಗಕ್ಕೆ ಕವಿತೆಯೊಂದರಲ್ಲಿ ರಾಫ್ಟರಿಯ ಹೆಸರು ಕೊಟ್ಟಿದ್ದಾನೆ. ಭೂಮಿಯೊಳಗಿನ ದಾರಿ ನೀರನ್ನು ಹಿಡಿಸಲಾರದಾದಾಗ ಹೊಳೆ ದಡ ಮೀರುತ್ತದೆ. 2009ರ ಪ್ರವಾಹದಲ್ಲಿ ನೀರು ನುಗ್ಗಿ ಗೋಪುರ ಮುಚ್ಚಬೇಕಾಯಿತು. ಊರಿನವರು ಮತ್ತೆ ಸಂಘ ಕಟ್ಟಿ, ಹಣ ಕೂಡಿಸಿ, 2015ರಲ್ಲಿ, ಯೇಟ್ಸ್ ಹುಟ್ಟಿ 150 ವರ್ಷವಾದಾಗ, ಬಾಗಿಲು ತೆರೆದರು. ಮಳೆಗಾಲ ಬಂದರೆ ಈಗಲೂ ಊಟದ ಮನೆಯ ಸಾಮಾನು ಮೇಲಕ್ಕೆ ಸಾಗಬೇಕು, ಆ ಸುರುಳಿ ಮೆಟ್ಟಿಲ ಮೇಲೇ.